ಆಪರೇಷನ್ ಮಾಡಿ ಬಂದರೆ ಸಾಲದು, ಕಲಿಸಿಯೂ ಬರಬೇಕು

ಮಾನ್ಯ ಸಂಪಾದಕರೇ,

ಯುದ್ಧದ ಸುದ್ದಿ ಬಂದಾಗಲೆಲ್ಲ ನಾವು ಓದುವುದು ಸತ್ತವರ ಲೆಕ್ಕ. ಗಾಯಗೊಂಡವರು ಇಷ್ಟು ಅಂತ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ದಾವಣಗೆರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನನ್ನ ಕಣ್ಣು ಆ ಎರಡನೇ ಸಂಖ್ಯೆಯ ಮೇಲೆಯೇ ನಿಲ್ಲುತ್ತದೆ. ದವಡೆ ಹಾರಿಹೋದವರು, ಸುಟ್ಟ ಬೆರಳು ಅಂಗೈಗೆ ಅಂಟಿಕೊಂಡ ಮಕ್ಕಳು, ಎಲುಬು ಹೊರಗೆ ಕಾಣುವ ಕಾಲು. ಇವರೆಲ್ಲ ಮುಂದೆ ಬದುಕಬೇಕಾದವರು. ಉಣ್ಣಬೇಕು, ದುಡಿಯಬೇಕು, ನಾಲ್ಕು ಜನರ ಎದುರು ಮುಖ ತೋರಿಸಬೇಕು.

ಇವರಿಗಾಗಿ ಹೊರದೇಶದ ಸರ್ಜನ್‌ಗಳು ತಂಡ ಕಟ್ಟಿಕೊಂಡು ಹೋಗುತ್ತಾರೆ. ಒಂದೆರಡು ವಾರ ಹಗಲು ರಾತ್ರಿ ಆಪರೇಷನ್ ಮಾಡುತ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಈ ಕೆಲಸ ಅಲ್ಲಿನ ಡಾಕ್ಟರ್, ನರ್ಸ್‌ಗಳ ಕೈಗೆ ಹತ್ತಬೇಕು. ಯಾಕೆ ಅಂತ ವಾರ್ಡಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ದೊಡ್ಡ ಗಾಯ ಮುಚ್ಚಲು ತೊಡೆಯಿಂದಲೋ ಬೆನ್ನಿನಿಂದಲೋ ಚರ್ಮ, ಮಾಂಸವನ್ನು ಅದರ ರಕ್ತನಾಳದ ಸಮೇತ ತೆಗೆದು, ಗಾಯದ ಹತ್ತಿರದ ನಾಳಕ್ಕೆ ಜೋಡಿಸುತ್ತಾರೆ. ಇದಕ್ಕೆ ಫ್ಲ್ಯಾಪ್ ಅಂತೀವಿ. ದವಡೆ ಹೋಗಿದ್ದರೆ ಮೊಣಕಾಲ ಕೆಳಗಿನ ಸಣ್ಣ ಎಲುಬು, ಫಿಬುಲಾ ತೆಗೆದು ಹೊಸ ದವಡೆ ಕಟ್ಟುತ್ತಾರೆ. ನಾಳದ ಅಗಲ ಒಂದೆರಡು ಮಿಲಿಮೀಟರ್. ಕೂದಲಿಗಿಂತ ಸಣ್ಣ ದಾರ. ಹೊಲಿಗೆ ಎಲ್ಲ ಮೈಕ್ರೋಸ್ಕೋಪ್ ಕೆಳಗೆ. ಎಂಟು ಹತ್ತು ಗಂಟೆ ಹಿಡಿಯುವುದೂ ಉಂಟು.

ಸರ್ಜನ್ ಹೊರಬಂದ ಮೇಲೆ ನಮ್ಮ ಕೆಲಸ ಶುರು. ಮೊದಲ ದಿನ ಗಂಟೆಗೊಮ್ಮೆಯಾದರೂ ಟಾರ್ಚ್ ಹಿಡಿದು ಫ್ಲ್ಯಾಪ್ ನೋಡಬೇಕು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ಬಿಳಿಚಿಕೊಂಡು ತಣ್ಣಗಿದ್ದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದ್ದರೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಬರುತ್ತದೆ. ಆಗ ರಾತ್ರಿ ಎರಡು ಗಂಟೆಯಾದರೂ ಸರಿ, ಸರ್ಜನ್‌ರನ್ನು ಎಬ್ಬಿಸಬೇಕು. ಕೆಲವೇ ಗಂಟೆಯೊಳಗೆ ಹೊಲಿಗೆ ಬಿಚ್ಚಿ ಹೆಪ್ಪು ತೆಗೆಯದಿದ್ದರೆ ಫ್ಲ್ಯಾಪ್ ಸಾಯುತ್ತದೆ. ನೈಟ್ ಡ್ಯೂಟಿ ಸಿಸ್ಟರ್‌ಗೆ ಆ ನೀಲಿ ಬಣ್ಣ ಗುರುತು ಹಿಡಿಯಲು ಬರಲಿಲ್ಲ ಅನ್ನಿ, ಹತ್ತು ಗಂಟೆ ನಿಂತು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನು ಎಬ್ಬಿಸಬೇಕಾದ ಸರ್ಜನ್ ಆಗಲೇ ವಿಮಾನ ಹತ್ತಿ ಹೋಗಿದ್ದರೆ?

ಮಕ್ಕಳದ್ದು ಇನ್ನೂ ಕಷ್ಟ. ಸುಟ್ಟ ಕಲೆ ಮಗುವಿನ ಜೊತೆ ಬೆಳೆಯುವುದಿಲ್ಲ. ಈ ವರ್ಷ ಕಲೆ ಎಳೆದು ಬಗ್ಗಿಸಿದ ಕತ್ತನ್ನು ಬಿಡಿಸಿ ಚರ್ಮ ಕಸಿ ಮಾಡಿದರೂ, ಮಗು ಎತ್ತರವಾದಂತೆ ಮತ್ತೆ ಎಳೆಯಬಹುದು. ಮತ್ತೆ ಆಪರೇಷನ್, ನಡುವೆ ಸ್ಪ್ಲಿಂಟ್ (ಮತ್ತೆ ಬಾಗದಂತೆ ಕಟ್ಟುವ ಗಟ್ಟಿ ಪಟ್ಟಿ), ದಿನಾ ವ್ಯಾಯಾಮ. ವರ್ಷಗಟ್ಟಲೆಯ ಕೆಲಸ ಅದು, ಒಂದು ಶಿಬಿರದಲ್ಲಿ ಮುಗಿಯುವುದಲ್ಲ.

ಇದನ್ನು ಸರಿಯಾಗಿ ಮಾಡುತ್ತಿರುವವರೂ ಇದ್ದಾರೆ. ಯುದ್ಧದ ನಾಡುಗಳಲ್ಲಿ ಚಿಕಿತ್ಸೆ ಕೊಡುವ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 2006ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಇಂಥ ಆಸ್ಪತ್ರೆ ಶುರು ಮಾಡಿತು. ಮೊದಲು ಇರಾಕಿನವರು, ಆಮೇಲೆ ಸಿರಿಯಾ, ಯೆಮೆನ್‌ನವರು ತಿಂಗಳುಗಟ್ಟಲೆ ಅಲ್ಲೇ ಉಳಿದು ಆಪರೇಷನ್, ಫಿಸಿಯೋಥೆರಪಿ, ಮನಸ್ಸಿನ ಚಿಕಿತ್ಸೆ ಎಲ್ಲ ಪಡೆದಿದ್ದಾರೆ. ಲಂಡನ್ನಿನ ಸರ್ಜನ್ ಡೇವಿಡ್ ನಾಟ್ ಅವರ ಪ್ರತಿಷ್ಠಾನ 2015ರಿಂದ ಯುದ್ಧದ ನಾಡುಗಳ ಡಾಕ್ಟರ್‌ಗಳಿಗೇ ತರಬೇತಿ ಕೊಡುತ್ತಿದೆ. ಅಷ್ಟು ದೂರ ಯಾಕೆ, ನಮ್ಮ ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ಕೈಕಾಲು ಉಳಿಸುವ ಸರ್ಜರಿ ಕಲಿಯಲು ಎಷ್ಟೋ ದೇಶಗಳಿಂದ ಸರ್ಜನ್‌ಗಳು ಬರುತ್ತಾರೆ.

ಈ ವಿದ್ಯೆ ಹೊರಗೆ ಹೋದದ್ದೂ ನಮ್ಮ ಕಡೆಯಿಂದಲೇ. ಮೂರನೇ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕವಾಸ್‌ಜಿ ಎಂಬ ಗಾಡಿಯವನಿಗೆ ಪುಣೆ ಕಡೆ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದರು. ಅದು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದೂ ಸಂಪಾದಕರಿಗೆ ಬರೆದ ಒಂದು ಪತ್ರವೇ! 1814ರಲ್ಲಿ ಕಾರ್ಪ್ಯೂ ಎಂಬ ಸರ್ಜನ್ ಅದೇ ಆಪರೇಷನ್ನನ್ನು ಲಂಡನ್ನಿನಲ್ಲಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸಿಡ್‌ಕಪ್ ಆಸ್ಪತ್ರೆಯಲ್ಲಿ, ಸೈನಿಕರ ಮುಖದ ಗಾಯ ಸರಿಪಡಿಸುತ್ತಿದ್ದ ಸರ್ಜನ್ ಹೆರಾಲ್ಡ್ ಗಿಲೀಸ್ ಅವರ ಜೊತೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಜನ್‌ಗಳೂ ಕೆಲಸ ಮಾಡಿದರು.

ಈಗ ನಮ್ಮೂರಿಗೆ ಬರುತ್ತೇನೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯನ್ನು ಯಾರೂ ಮರೆತಿಲ್ಲ, ಅಲ್ವಾ? ಹೆತ್ತವರು ಆ ಮಗನ ದೇಹ ದಾನ ಮಾಡಿದ್ದು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ. ಬೇರೆ ಮಕ್ಕಳು ಕಲಿಯಲಿ ಅಂತ. ಎರಡು ವೈದ್ಯಕೀಯ ಕಾಲೇಜು ಇರುವ ಈ ಊರು ಆ ದಾನವನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಸುಡಾನ್, ಯೆಮೆನ್, ಉಕ್ರೇನ್‌ಗಳಿಂದ ವರ್ಷಕ್ಕೆ ಒಂದೇ ಒಂದು ತಂಡವನ್ನಾದರೂ ಕರೆಸಿ ಕಲಿಸಬಹುದು. ಉಕ್ರೇನಿನ ಸರ್ಜನ್‌ಗಳು ಬಾಂಬ್ ಗಾಯಗಳನ್ನು ನಮಗಿಂತ ಜಾಸ್ತಿ ನೋಡಿದ್ದಾರೆ, ಅವರಿಂದ ನಾವೂ ಕಲಿಯಬಹುದು.

ನಮ್ಮವರಿಗೇ ಸಾಲದು, ಹೊರಗಿನವರ ಚಿಂತೆ ಯಾಕೆ ಅಂತ ಕೇಳುವವರು ಇರುತ್ತಾರೆ. ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ಯಂತ್ರಕ್ಕೆ ಸಿಕ್ಕ ಕೈ, ಹಿರಿಯೂರಿನಿಂದ ಹರಿಹರದವರೆಗಿನ ಹೆದ್ದಾರಿಯಲ್ಲಿ ಜಜ್ಜಿಹೋದ ಕಾಲು, ಒಲೆಯ ಬೆಂಕಿಗೆ ಸಿಕ್ಕ ಹೆಣ್ಣುಮಕ್ಕಳು. ಇವರಿಗೆ ಬೇಕಾದ ಮೈಕ್ರೋಸ್ಕೋಪೂ ಅದೇ, ಪಳಗಿದ ಕೈಯೂ ಅದೇ. ಕಲಿಸುವ ವಿಭಾಗ ಗಟ್ಟಿಯಾದರೆ ಮೊದಲ ಲಾಭ ನಮ್ಮ ರೈತರಿಗೇ.

ಒಂದು ಮಾತು ಮಾತ್ರ ಮರೆಯಬಾರದು. ಕರೆಸುವಾಗ ಬರೀ ಸರ್ಜನ್‌ರನ್ನು ಕರೆಸಬೇಡಿ. ಅವರ ಜೊತೆ ಅರಿವಳಿಕೆ ಡಾಕ್ಟರ್, ಫಿಸಿಯೋಥೆರಪಿಸ್ಟ್, ಇಬ್ಬರು ವಾರ್ಡ್ ನರ್ಸ್ ಬರಲಿ. ಕಾಲೇಜುಗಳ ಆಡಳಿತ ಮಂಡಳಿಗಳು ಮನಸ್ಸು ಮಾಡಲಿ, ವೀಸಾ ಕೆಲಸಕ್ಕೆ ನಮ್ಮ ಸಂಸದರು ಕೈಜೋಡಿಸಲಿ. ನರ್ಸ್‌ಗಳಿಗೆ ರಾತ್ರಿ ಪಾಳಿಯ ಕೆಲಸ ಹೇಳಿಕೊಡಲು ನಾನು ಸಂಬಳ ಕೇಳದೆ ಬರುತ್ತೇನೆ. ನನ್ನ ಜೊತೆ ದುಡಿದ ಇನ್ನೂ ಕೆಲವು ಸಿಸ್ಟರ್‌ಗಳು ಬರಲು ಒಪ್ಪಿದ್ದಾರೆ.

– ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ