ತೂಕವಿಲ್ಲದ ಕಡೆ ಭಾರ ಎತ್ತುವುದು

ಸಂಪಾದಕರೇ,

ಸುನಿತಾ ವಿಲಿಯಮ್ಸ್ 286 ದಿನ ಬಾಹ್ಯಾಕಾಶದಲ್ಲಿದ್ದು 2025ರ ಮಾರ್ಚ್‌ನಲ್ಲಿ ಮರಳಿದಾಗ ಸ್ಟ್ರೆಚರ್ ಮೇಲೆ ಕರೆದೊಯ್ದದ್ದನ್ನು ಕಂಡು ನಮ್ಮ ಮನೆಯವರು ಗಾಬರಿಯಾದರು. ಬಾಹ್ಯಾಕಾಶದಲ್ಲಿ ಬಹಳ ದಿನ ಇದ್ದು ಮರಳಿದವರಿಗೆ ಅದು ಮಾಮೂಲಿ ಕ್ರಮ. ಆದರೆ ಅವರು ಅಷ್ಟು ದಿನ ಸುಮ್ನೆ ತೇಲಾಡುತ್ತಿರಲಿಲ್ಲ ಎಂಬುದು ಸುದ್ದಿಯಲ್ಲಿ ಜಾಸ್ತಿ ಬರಲಿಲ್ಲ.

ಅಲ್ಲಿ ಮೈ ಹೊರುವ ಕೆಲಸ ಕಾಲಿಗಿಲ್ಲ. ತೊಡೆ, ಮೀನಖಂಡ, ಬೆನ್ನಿನ ಸ್ನಾಯುಗಳು ಬೇಗ ಸೊರಗುತ್ತವೆ. ಅದಕ್ಕೇ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ. ಆದರೆ ಕಬ್ಬಿಣದ ಡಂಬೆಲ್‌ಗೂ ಅಲ್ಲಿ ತೂಕವಿಲ್ಲ ಅಲ್ವಾ? 2008ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ 'ಎಆರ್‌ಇಡಿ' ಎಂಬ ವ್ಯಾಯಾಮ ಯಂತ್ರದಲ್ಲಿ ಗಾಳಿ ತೆಗೆದ ಸಿಲಿಂಡರ್‌ಗಳಿವೆ. ಅದರ ಪಿಸ್ಟನ್ ಎಳೆದರೆ 270 ಕೆ.ಜಿ.ವರೆಗೂ ಭಾರ ಎತ್ತಿದಷ್ಟು ತಡೆ ಸಿಗುತ್ತದೆ. ಮಾಡುವುದೆಲ್ಲ ನಮ್ಮ ಬೀದಿಯ ಜಿಮ್‌ನ ಸ್ಕ್ವಾಟ್, ಡೆಡ್‌ಲಿಫ್ಟೇ!

ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಅಲ್ಲಿ ಮಾಡಿದ ಸ್ನಾಯುಕೋಶಗಳ ಪ್ರಯೋಗ ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾ ಸಂಸ್ಥೆಯದು. ಹಾಸಿಗೆ ಹಿಡಿದ ಹಿರಿಯರ ಸ್ನಾಯುಗಳೂ ಹೀಗೇ ಕರಗುತ್ತವೆ. ಎರಡನ್ನೂ ಸೇರಿಸಿ ನಿಮ್ಮ ವಿಜ್ಞಾನ ಪುಟದಲ್ಲಿ ಒಂದು ಲೇಖನ ಬರಲಿ. ಅಮ್ಮನಿಗೆ ಓದಿ ಹೇಳುತ್ತೇನೆ.

— ಒಬ್ಬ ಓದುಗ, ತುಮಕೂರು