ವೈಪರ್ ಆರ್ಮ್ ಬಿಚ್ಚಲು ಸುತ್ತಿಗೆ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯುವ ಮೊದಲು ನಾವು ಮಲೆನಾಡಿನವರು ಹೆಂಚು ಕೈಯಾಡಿಸುತ್ತೇವೆ, ಸೌದೆ ಒಳಗೆ ಸೇರಿಸುತ್ತೇವೆ, ತೋಟದ ಬಸಿಗಾಲುವೆ ಬಿಡಿಸುತ್ತೇವೆ. ಕಾರಿನ ವೈಪರ್ ಮಾತ್ರ ಮೊದಲ ಜಡಿಮಳೆಯಲ್ಲಿ ದಾರಿ ಕಾಣದೆ ಹೋದಾಗಲೇ ನೆನಪಾಗುತ್ತದೆ. ಆಗಲೂ ಬ್ಲೇಡ್ ಬದಲಾಯಿಸಿದರೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುವ ಆರ್ಮ್ ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಹೊಸ ಬ್ಲೇಡಿನಿಂದಲೂ ಪ್ರಯೋಜನವಿಲ್ಲ ಎಂಬುದನ್ನೂ, ಅದನ್ನು ಬಿಚ್ಚಿ ಸರಿಪಡಿಸುವ ಕ್ರಮವನ್ನೂ ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಮೆಕ್ಯಾನಿಕ್ ಮಿತ್ರರ ಗಮನಕ್ಕೆ ತರಬಯಸುತ್ತೇನೆ.

ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ, ಘಾಟಿಯ 14 ತಿರುವುಗಳು ಶುರುವಾಗುವ ಮೊದಲೇ, ನನ್ನೆದುರಿನ ವೈಪರ್ ಗಾಜನ್ನು ಮುಟ್ಟಿಯೂ ಮುಟ್ಟದಂತೆ ಆಡತೊಡಗಿತು. ನೀರು ಅಲ್ಲೇ ನಿಂತು, ಎದುರಿನಿಂದ ಬರುವ ಬಸ್ಸಿನ ದೀಪ ಗಾಜಿನ ತುಂಬ ಹಳದಿಯಾಗಿ ಹರಡಿಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ನನ್ನ ಹೆಂಡತಿ "ಸಾಕು, ವಾಪಸ್ ಹೋಗೋಣ" ಎಂದಳು, ಗಾಡಿ ತಿರುಗಿಸಿದೆ. ಮರುದಿನ ಒಂದು ಗ್ಯಾರೇಜಿನಲ್ಲಿ ನಟ್ ಬಿಚ್ಚಿದರೂ ಆರ್ಮ್ ಅಲುಗಲಿಲ್ಲ. ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರು, ಕೊನೆಗೆ ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಬಡಿದರು. ಆರ್ಮ್ ಬರಲಿಲ್ಲ, ಬಾನೆಟ್ಟಿನ ಹಿಂದೆ ಮೋಟರನ್ನು ವೈಪರ್‌ಗಳಿಗೆ ಜೋಡಿಸುವ ಸರಳುಗಳ, ಅಂದರೆ ಲಿಂಕೇಜಿನ, ಪ್ಲಾಸ್ಟಿಕ್ ಬುಷ್ ಒಡೆದು ಎರಡೂ ವೈಪರ್ ನಿಂತುಹೋದವು. ಲಿಂಕೇಜನ್ನೇ ಬದಲಾಯಿಸಬೇಕಾಯಿತು. ಕೆಲಸ ಮಾಡಿದ ಹುಡುಗನನ್ನು ನಾನು ದೂರುವುದಿಲ್ಲ, ಅವನ ಬಳಿ ತಕ್ಕ ಹತ್ಯಾರು ಇರಲಿಲ್ಲ.

ಆರ್ಮ್ ಹೀಗೆ ಕಚ್ಚಿಕೊಳ್ಳುವುದಕ್ಕೆ ಕಾರಣವಿದೆ. ಮೋಟರಿನ ಚಲನೆಯನ್ನು ಹೊರತರುವ ಶಾಫ್ಟ್ ಉಕ್ಕಿನದು. ಅದರ ಮೇಲೆ ಕೂರುವ ಆರ್ಮಿನ ತಲೆ ಎಷ್ಟೋ ಕಾರುಗಳಲ್ಲಿ ಅಲ್ಯುಮಿನಿಯಮ್ಮಿನ ಎರಕ. ನಟ್ಟಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಎಲ್ಲೋ ಬಿದ್ದುಹೋದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ, ಎರಡು ಬೇರೆ ಬೇರೆ ಲೋಹಗಳ ನಡುವೆ ನೀರು ಸೇರಿ ಸವೆತ ಶುರುವಾಗುತ್ತದೆ, ಹಾಗೆ ಹುಟ್ಟಿದ ಬಿಳಿ ಪುಡಿ ಮತ್ತು ಕೆಂಪು ತುಕ್ಕು ಉಬ್ಬಿ ಶಾಫ್ಟಿನ ಸಣ್ಣ ಹಲ್ಲುಗಳ ಸಂದಿಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸುವ ನಮ್ಮಂಥವರಿಗೆ ಗಾಜಿನ ಬುಡದಲ್ಲಿ ಕೊಳೆತ ತರಗೆಲೆ ಬೇರೆ. ಅದು ಮಳೆ ಬಿಟ್ಟ ಮೇಲೂ ವಾರಗಟ್ಟಲೆ ತೇವ ಹಿಡಿದಿರುತ್ತದೆ.

ಇನ್ನೊಂದು ಬದಿಯ ಆರ್ಮನ್ನು ಈ ಏಪ್ರಿಲ್‌ನಲ್ಲಿ ನಾನೇ ಬಿಚ್ಚಿದೆ. ವೈಪರ್ ತಂಗುವ ಜಾಗವನ್ನು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ಸ್ಪ್ರಿಂಗಿನ ಬಲಕ್ಕೆ ಆರ್ಮ್ ಹಠಾತ್ತನೆ ಬಡಿದರೆ ಗಾಜು ಬಿರುಕು ಬಿಡುವ ಸಂಭವವಿರುವುದರಿಂದ ದಪ್ಪ ಟವೆಲ್ ಹಾಸಿದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ನಟ್ಟಿನ ಸುತ್ತ ಬಿಟ್ಟು ಒಂದು ರಾತ್ರಿ ನೆನೆಯಲು ಬಿಟ್ಟೆ. ಬೆಳಿಗ್ಗೆ ನಟ್ ಸಡಿಲಿಸಿದೆ, ಆದರೆ ಪೂರ್ತಿ ತೆಗೆಯಲಿಲ್ಲ. ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ಬಿಟ್ಟರೆ ಶಾಫ್ಟಿನ ಮರೆ (ಥ್ರೆಡ್) ಕೆಡುವುದಿಲ್ಲ. ಬ್ಯಾಟರಿ ಟರ್ಮಿನಲ್ ಕೀಳಲು ಬಳಸುವಂಥ ಎರಡು ಕಾಲಿನ ಪುಟ್ಟ ಪುಲ್ಲರನ್ನು ಆರ್ಮಿನ ತಲೆಯ ಕೆಳಗೆ ಸಿಕ್ಕಿಸಿ, ನಡುವಿನ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ, ನಡುನಡುವೆ ಮತ್ತೆ ಎಣ್ಣೆ ಬಿಡುತ್ತ ಹೋದೆ. "ಟಕ್" ಎಂದು ಒಂದು ಸದ್ದು ಬಂತು. ಆಮೇಲೆ ಆರ್ಮನ್ನು ಎರಡು ಬೆರಳಲ್ಲಿ ಎತ್ತಿದೆ.

ತುಕ್ಕು ತೆಗೆಯುವ ಕೆಲಸವನ್ನು ಕಾರಿನ ಮೇಲೆಯೇ ಮಾಡಬಾರದು, ಉದುರುವ ಪುಡಿಯಿಂದ ಗಾಜಿಗೆ ಗೀರು ಬೀಳುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಒರಟು ಉಪ್ಪುಕಾಗದದಿಂದ ಆರಂಭಿಸಿ ನಯವಾದದ್ದಕ್ಕೆ ಬಂದು, ಥಿನ್ನರ್‌ನಿಂದ ಎಣ್ಣೆಯ ಅಂಶ ಒರೆಸಿ, ಪ್ರೈಮರ್ ಮತ್ತು ಹೊಳಪಿಲ್ಲದ ಕಪ್ಪು ಬಣ್ಣವನ್ನು ತೆಳ್ಳಗೆ ಎರಡೆರಡು ಸಲ ಹೊಡೆದೆ. ಹೊಳೆಯುವ ಬಣ್ಣವಾದರೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಹಲ್ಲುಗಳಿರುವ ರಂಧ್ರಕ್ಕೆ ಬಣ್ಣ ತಾಗದಂತೆ ಟೇಪ್ ಅಂಟಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಆರ್ಮ್ ಮಡಚುವ ಕೀಲು: ಅಲ್ಲಿನ ಪಿನ್ ಬಿಗಿದಿದ್ದರೆ ಸ್ಪ್ರಿಂಗ್ ಎಷ್ಟು ಗಟ್ಟಿಯಿದ್ದರೂ ಅದರ ಒತ್ತಡ ಬ್ಲೇಡಿಗೆ ತಲುಪುವುದಿಲ್ಲ. ಆಗುಂಬೆಯಲ್ಲಿ ನನಗೆ ಆದದ್ದು ಇದೇ. ಎಣ್ಣೆ ಬಿಟ್ಟು ಸರಾಗವಾಗುವ ತನಕ ಆಡಿಸಿ, ಕೊನೆಗೆ ಗ್ರೀಸ್ ಹಚ್ಚಿದೆ. ಸ್ಪ್ರಿಂಗೇ ತುಕ್ಕಿನಿಂದ ತೆಳುವಾಗಿದ್ದರೆ, ಅಥವಾ ಹಲ್ಲುಗಳು ಸವೆದು ಆರ್ಮ್ ಜಾರುತ್ತಿದ್ದರೆ, ಹೊಸದನ್ನೇ ಹಾಕಿಸಬೇಕು; ಅಲ್ಲಿ ಉಳಿತಾಯ ಮಾಡುವುದು ಸಲ್ಲದು. ತಿರುಗಿ ಕೂರಿಸುವಾಗ ಮೊದಲು ಮೋಟರನ್ನು ಒಮ್ಮೆ ಓಡಿಸಿ ಅದು ತಾನಾಗಿ ನಿಲ್ಲುವ ಜಾಗಕ್ಕೆ ಬರಲು ಬಿಟ್ಟು, ಟೇಪಿನ ಗುರುತಿಗೆ ಸರಿಯಾಗಿ ಆರ್ಮ್ ಇಟ್ಟು ನಟ್ ಬಿಗಿಯಬೇಕು. ಆರಿದ್ರಾ ಮಳೆ ಹಿಡಿದ ಮೇಲೆ ಬಣ್ಣ ಒಣಗುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಬೇಸಿಗೆಯೇ ಸರಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ಸಮರ್ಥವಾಗಿ ಕೆಲಸ ಮಾಡುವ ವೈಪರ್ ಇರಬೇಕೆಂದು ಹೇಳುತ್ತದೆ. ಜಿಲ್ಲೆಯ ಗ್ಯಾರೇಜಿನವರು ಒಂದೊಂದು ಪುಲ್ಲರ್ ಇಟ್ಟುಕೊಳ್ಳಬೇಕು. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ತರಗತಿಯ ಮಕ್ಕಳಿಗೆ ಇದನ್ನು ಕೈಯಾರೆ ಮಾಡಿಸಿ ಕಲಿಸಬೇಕು. ಕಾರು ಇರುವವರು ಇಂದೇ ಒಮ್ಮೆ ಹೊರಗೆ ಹೋಗಿ ಆ ಪ್ಲಾಸ್ಟಿಕ್ ಮುಚ್ಚಳ ಇದೆಯೇ ಎಂದು ನೋಡಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ತೀರ್ಥಹಳ್ಳಿ