ಬಕೆಟ್ಟಿಗೆ ಬಿದ್ದಷ್ಟು ಸಾಕು

ವರ್ಮಾಂಟ್, ಅಮೆರಿಕ, ಮಾರ್ಚ್ ಕೊನೆಯ ವಾರ

ಪ್ರೀತಿಯ ಕೂಸೇ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದಕ್ಕೆ ಅಲ್ಲೇ ಉತ್ತರ ಕೊಟ್ಟಿದ್ದರೆ ಜಗಳ ಆಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮೇಪಲ್ ಮರಗಳ ರಸ ಇಳಿಸಲು ಮರದಿಂದ ಮರಕ್ಕೆ ಪೈಪ್ ಎಳೆಸಬೇಕು, ಅದನ್ನು ಹೀರಲು ವ್ಯಾಕ್ಯೂಮ್ ಪಂಪ್ ಕೂರಿಸಬೇಕು, ಕುದಿಸಿದ ಸಿರಪ್ಪನ್ನು ಚಂದದ ಬಾಟ್ಲಿಗೆ ತುಂಬಿ ಲೇಬಲ್ ಅಂಟಿಸಿ ಆನ್‌ಲೈನ್‌ನಲ್ಲಿ ಮಾರಬೇಕು ಅಂದೆಯಲ್ಲ. ಲೆಕ್ಕವನ್ನೂ ಹಾಕಿ ಕಳಿಸಿದ್ದೀಯ. ನಿಮ್ಮಪ್ಪ ಅದನ್ನು ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟು, "ಹುಡುಗಿ ಬುದ್ಧಿವಂತೆ" ಅಂದರು. ಆಮೇಲೆ ಎದ್ದು ಸೌದೆ ಒಡೆಯಲು ಹೋದರು. ಅವರ ಉತ್ತರ ಅಷ್ಟೇ. ನನ್ನದು ಸ್ವಲ್ಪ ಉದ್ದ.

ಮೊದಲು ಇಲ್ಲಿಯ ಸುದ್ದಿ. ಊರವರೆಲ್ಲ ಸೇರಿ ಊರಿನ ಲೆಕ್ಕಪತ್ರಕ್ಕೆ ಮತ ಹಾಕುವ ಟೌನ್ ಮೀಟಿಂಗ್ ದಿನ, ಅಂದರೆ ಮಾರ್ಚ್ ಮೊದಲ ಮಂಗಳವಾರದ ಹೊತ್ತಿಗೆ ಮರಕ್ಕೆ ತೂತು ಹಾಕುವುದು ಇಲ್ಲಿಯ ಹಳಬರ ರೂಢಿ. ಈಗೀಗ ಫೆಬ್ರವರಿಯಲ್ಲೇ ಬಿಸಿಲು ಇಣುಕುವುದರಿಂದ ಎಷ್ಟೋ ಜನ ಅಷ್ಟು ಕಾಯುವುದಿಲ್ಲ. ನಾವು ಕಾದೆವು, ಒಳ್ಳೆಯದೇ ಆಯಿತು. ರಾತ್ರಿ ಸೊನ್ನೆಗಿಂತ ಕೆಳಗಿಳಿಯಬೇಕು, ಹಗಲು ನಾಲ್ಕೈದು ಡಿಗ್ರಿಗೆ ಏರಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಬಕೆಟ್ ಖಾಲಿ. ರಾತ್ರಿ ಹೆಪ್ಪುಗಟ್ಟುವಾಗ ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಕರಗಿದಾಗ ಒಳಗಿನ ಒತ್ತಡಕ್ಕೆ ರಸ ತೂತಿನಿಂದ ತೊಟ್ಟಿಕ್ಕುತ್ತದೆ. ಹೋದ ಬೇಸಿಗೆಯಲ್ಲಿ ಎಲೆಗಳು ಕೂಡಿಟ್ಟ ಪಿಷ್ಟವೇ ಈಗ ಸಕ್ಕರೆಯಾಗಿ ಬರುವುದು. ಅಜ್ಜಿ ಶಿರಸಿಯಿಂದ ಬಂದಿದ್ದಾಗ ತೊಗಟೆ ಸವರಿ "ಮರಕ್ಕೆ ನೋವಾಗೋದಿಲ್ವನೇ?" ಅಂತ ಕೇಳಿದ್ದರು, ನೆನಪಿದೆಯಾ? ಹತ್ತು ಅಂಗುಲಕ್ಕಿಂತ ಸಪೂರದ ಮರ ನಾವು ಮುಟ್ಟುವುದಿಲ್ಲ. ಅಷ್ಟು ದಪ್ಪ ಆಗಲು ಅದಕ್ಕೆ ಸುಮಾರು 40 ವರ್ಷ ಬೇಕು. ಹಳೆಯ ತೂತು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ, ವರ್ಷ ವರ್ಷ ಹೊಸ ಜಾಗ ನೋಡಿ ಕೊರೆಯಬೇಕು.

ಈಗ ನಿನ್ನ ಲೆಕ್ಕ. ವ್ಯಾಕ್ಯೂಮ್ ಹಾಕಿದರೆ ರಸ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ನಿಜ. ರಿವರ್ಸ್ ಆಸ್ಮೋಸಿಸ್ ಯಂತ್ರ ಕುದಿಸುವ ಮೊದಲೇ ಬಹುಪಾಲು ನೀರು ತೆಗೆದು ಸೌದೆ ಉಳಿಸುತ್ತದೆ, ಅದೂ ನಿಜ. ಸಾವಿರಾರು ಮರ ಇರುವವರಿಗೆ ಇವಿಲ್ಲದೆ ಗತಿಯಿಲ್ಲ. ಅವರನ್ನು ನಾನು ಹಳಿಯುವುದಿಲ್ಲ. ಅಮೆರಿಕದ ಅರ್ಧದಷ್ಟು ಮೇಪಲ್ ಸಿರಪ್ ಈ ಪುಟ್ಟ ರಾಜ್ಯದ್ದೇ. ಬಕೆಟ್ ಹೊತ್ತುಕೊಂಡು ಅದು ಆಗುವ ಮಾತಾ? ಗಡಿಯಾಚೆ ಕೆನಡಾದ ಕ್ವಿಬೆಕ್‌ನವರಂತೂ ಗೋದಾಮುಗಳಲ್ಲಿ ಪೀಪಾಯಿಗಟ್ಟಲೆ ದಾಸ್ತಾನು ಇಡುತ್ತಾರೆ. 2011-12ರಲ್ಲಿ ಅಲ್ಲಿಂದ ಸುಮಾರು 3,000 ಟನ್ ಕಳುವಾಗಿತ್ತು. ಕಳ್ಳರು ಕೆಲವು ಪೀಪಾಯಿಗಳಿಗೆ ನೀರು ತುಂಬಿ ವಾಪಸ್ ಇಟ್ಟಿದ್ದರು! ನಮ್ಮ ಗೋದಾಮು ಅಂದರೆ ಅಡುಗೆಮನೆ ಮೂಲೆಯ ಕಪಾಟು.

ನಮ್ಮದು ಐವತ್ತು ಚಿಲ್ಲರೆ ಬಕೆಟ್. ಒಂದೊಂದಕ್ಕೆ ಇಡೀ ಸೀಸನ್‌ನಲ್ಲಿ 40 ಲೀಟರ್ ಆಸುಪಾಸು ರಸ. ಅದರಲ್ಲಿ ಸಕ್ಕರೆ ನೂರಕ್ಕೆ ಎರಡು ಪಾಲು. ನಮ್ಮೂರ ಆಲೆಮನೆಯ ಕಬ್ಬಿನ ಹಾಲು ಇದರ ಹತ್ತು ಪಟ್ಟು ಸಿಹಿ. ಹಾಗಾಗಿ 40 ಲೀಟರ್ ಕುದಿಸಿದರೆ ಸಿಗುವುದು 1 ಲೀಟರ್ ಸಿರಪ್. ಐವತ್ತು ಲೀಟರ್‌ನಲ್ಲಿ ವ್ಯಾಪಾರ ಎಲ್ಲಿಂದ ಬಂತು? ಪಂಪಿನ ಸಾಲ ತೀರಿಸಲು ಇನ್ನೂ ಮುನ್ನೂರು ಮರ ಬೇಕು. ಅಷ್ಟು ಮರ ಅಂದರೆ ದೊಡ್ಡ ಒಲೆ, ದೊಡ್ಡ ಒಲೆ ಅಂದರೆ ಆಳು. ರಸವೂ ಸುಮ್ನೆ ಕಾಯುವುದಿಲ್ಲ. ಬಿಸಿಲೇರಿದರೆ ಕೆಟ್ಟುಹೋಗುತ್ತದೆ, ಬಂದ ಹಾಗೇ ಕುದಿಸಬೇಕು. ನಮ್ಮಿಬ್ಬರ ಮಂಡಿಯ ಸ್ಥಿತಿ ನಿನ್ನ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ.

ಇನ್ನೂ ಒಂದಿದೆ. ಚಳಿಗಾಲವಿಡೀ ನಮ್ಮ ಅಂಗಳದ ಹಿಮ ತಳ್ಳಿಕೊಡುವ ಪಕ್ಕದ ಮನೆಯವರು ದುಡ್ಡು ಮುಟ್ಟುವುದಿಲ್ಲ, ಸಿರಪ್ ಒಯ್ಯುತ್ತಾರೆ. ಹಾಲು ಕೊಡುವವರಿಗೆ, ಸೇಬಿನ ತೋಟದವರಿಗೆ, ಸೌದೆ ಇಳಿಸುವವರಿಗೆ ಎಲ್ಲ ಅದೇ ಲೆಕ್ಕ. ಬಾಟ್ಲಿಗೆ ಇಷ್ಟು ಡಾಲರ್ ಅಂತ ಚೀಟಿ ಅಂಟಿಸಿದ ಮೇಲೆ ಅವರ ಕೈಗೆ ಹೇಗೆ ಕೊಡಲಿ?

ಲೇಬಲ್ ಮೇಲೆ "ನಮ್ಮ ಪರಂಪರೆ" ಅಂತ ಬೇರೆ ಬರೆದಿದ್ದೀಯ. ಯಾರ ಪರಂಪರೆ, ಕೂಸೇ? ಬಿಳಿಯರು ಈ ಕಡೆ ಬರುವ ಮುಂಚೆಯೇ ಇಲ್ಲಿಯ ಮೂಲನಿವಾಸಿ ಅಬೆನಾಕಿ ಜನ ಈ ಮರಗಳ ರಸ ಕಾಯಿಸಿ ಸಕ್ಕರೆ ಮಾಡುತ್ತಿದ್ದರು. ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಬೇಡ, ಮೇಪಲ್ ಸಕ್ಕರೆ ತಿನ್ನಿ ಅಂತ ಗುಲಾಮಗಿರಿಯ ವಿರೋಧಿಗಳು ಆಮೇಲೆ ಪ್ರಚಾರ ಮಾಡಿದರು. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್ ಕೂಡ 1791ರಲ್ಲಿ ವರ್ಮಾಂಟ್ ಸುತ್ತಿ ಹೋಗಿ, ವರ್ಜೀನಿಯಾದ ತನ್ನ ಎಸ್ಟೇಟಿಗೆ ಮೇಪಲ್ ಸಸಿ ತರಿಸಿ ನೆಡಿಸಿದ. ತೋಪು ಏಳಲೇ ಇಲ್ಲ. ಗುಂಡಿ ತೋಡುವುದಕ್ಕೂ ಅವನ ಹತ್ತಿರ ಗುಲಾಮರೇ ಇದ್ದರಲ್ಲ, ಅದು ಬೇರೆ ಮಾತು. ನಾವು ಮೊನ್ನೆ ಮೊನ್ನೆ ಬಂದವರು. ಪರಂಪರೆ ಗಿರಂಪರೆ ಬೇಡ.

ಕುದಿಸುವ ಕೆಲಸ ಮಾತ್ರ ನನಗೆ ಹೊಸದು ಅನ್ನಿಸಲೇ ಇಲ್ಲ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಅಪ್ಪ ಬೆಳಿಗ್ಗೆ ಮೊದಲು ಬರೀ ನೀರು ಕಾಯಿಸಿ ಥರ್ಮಾಮೀಟರ್ ನೋಡುತ್ತಾರೆ. ಮೋಡ ಕವಿದ ದಿನ ನೀರು ಕುದಿಯುವ ಡಿಗ್ರಿಯೇ ಒಂಚೂರು ಕೆಳಗಿರುತ್ತದೆ. ಅದಕ್ಕೆ ನಾಲ್ಕು ಡಿಗ್ರಿ ಕೂಡಿಸಿದರೆ ಸಿರಪ್ಪಿನ ಹದ. ನಾನು ಥರ್ಮಾಮೀಟರ್ ನೋಡುವುದಿಲ್ಲ, ಸೌಟು ನೋಡುತ್ತೇನೆ. ಎತ್ತಿ ಓರೆ ಮಾಡಿದಾಗ ಮೊದಲು ಹನಿ ಹನಿ ಬೀಳುತ್ತದೆ. ಹದ ಬಂದಾಗ ಹನಿಗಳು ಅಂಚಿನಲ್ಲಿ ಒಂದಕ್ಕೊಂದು ಸೇರಿ, ಅಗಲದ ಪರದೆಯಾಗಿ ಒಂದು ಕ್ಷಣ ನೇತಾಡಿ ಆಮೇಲೆ ಹರಿಯುತ್ತದೆ. ಅಷ್ಟರಲ್ಲಿ ನೊರೆ ಉಕ್ಕಿ ಬಂದರೆ ಬಟಾಣಿಯಷ್ಟು ಬೆಣ್ಣೆ ಹಾಕು, ಅಲ್ಲೇ ತಗ್ಗುತ್ತದೆ. ಬಿಸಿಯಿರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ತಳದಲ್ಲಿ ಮರಳಿನಂಥ ಗಸಿ ನಿಲ್ಲುತ್ತದೆ.

ಸೀಸನ್ನಿನ ಮೊದಲಲ್ಲಿ ಬಂಗಾರದ ಬಣ್ಣ, ಕೊನೆಗೆ ಕಡುಕಂದು. ಹೊರಗೆ ಬೆಚ್ಚಗಾದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಜಾಸ್ತಿಯಾಗಿ ಸಕ್ಕರೆಯನ್ನು ಒಡೆಯುತ್ತವೆ, ಅದು ಕುದಿಯುವಾಗ ಕಪ್ಪಾಗುತ್ತದೆ. 2014ಕ್ಕೆ ಮುಂಚೆ ಆ ಕಡುಬಣ್ಣದ್ದಕ್ಕೆ "ಬಿ ಗ್ರೇಡ್" ಅಂತ ಹೆಸರಿಟ್ಟು ಮೂಲೆಗೆ ತಳ್ಳಿದ್ದರು. ಜೋನಿ ಬೆಲ್ಲ ತಿಂದು ಬೆಳೆದ ನಾಲಿಗೆಗೆ ಅದೇ ಎ ಗ್ರೇಡ್! ನಿನಗೆ ಅದನ್ನೇ ಎತ್ತಿಟ್ಟಿದ್ದೇನೆ. ಮೊಗ್ಗು ಉಬ್ಬಿದ ಮೇಲೆ ಬರುವ ರಸಕ್ಕೆ ಕೆಟ್ಟ ವಾಸನೆ, ಅಲ್ಲಿಗೆ ಬಕೆಟ್ ಇಳಿಸುವುದೇ.

ತಿಂಡಿ ವಿಷಯ ಕೇಳಿದ್ದೆಯಲ್ಲ. ಶನಿವಾರ ಪಕ್ಕದ ಮನೆ ಮಕ್ಕಳು ಬಂದಿದ್ದರು. ತಟ್ಟೆಗೆ ಹೊಸ ಹಿಮ ಒತ್ತಿ ತುಂಬಿ, ಇನ್ನೂ ಗಟ್ಟಿಯಾಗಿ ಕಾಯಿಸಿದ ಸಿರಪ್ಪನ್ನು ಮೇಲೆ ಎಳೆಯಾಗಿ ಸುರಿದೆ. ಮುಟ್ಟಿದ ಕೂಡಲೇ ಎಳೆದರೆ ಹಿಗ್ಗುವ ಮಿಠಾಯಿ. ಅವರು ಡೋನಟ್ ಮತ್ತು ಹುಳಿ ಸೌತೆಕಾಯಿ ಉಪ್ಪಿನಕಾಯಿ ಜೊತೆ ತಿಂದರು, ಸಿಹಿ ಮುಖಕ್ಕೆ ಹೊಡೆಯದಂತೆ ಇಲ್ಲಿಯ ಪದ್ಧತಿ ಅದು. ನಿಮ್ಮಪ್ಪ ಎಂದಿನಂತೆ ಅಪ್ಪೆಮಿಡಿ ನೆಂಚಿಕೊಂಡರು. ಆ ಸಣ್ಣ ಹುಡುಗನೂ ಮಿಡಿ ಕಚ್ಚಿ, ಕಣ್ಣು ಮುಚ್ಚಿ, ಇನ್ನೊಂದು ಕೇಳಿದ. ದಿನಾ ಬೆಳಿಗ್ಗೆ ತೆಳ್ಳೇವು, ತುಪ್ಪ, ಸಿರಪ್. ಅರ್ಧ ಕುದಿದ ರಸದಲ್ಲೇ ಕಾಫಿ.

ನೀನಲ್ಲಿ ಬೆಂಗಳೂರಿನ ಅಂಗಡಿಯಲ್ಲಿ ಪ್ಯಾನ್‌ಕೇಕ್ ಸಿರಪ್ ಅಂತ ಕೊಳ್ಳುವ ಮುಂಚೆ ಹಿಂದಿನ ಚೀಟಿ ಓದು. ಹೆಚ್ಚಿನವು ಮೆಕ್ಕೆಜೋಳದ ಸಿರಪ್ಪಿಗೆ ಬಣ್ಣ, ವಾಸನೆ ಕೂಡಿಸಿದ್ದು.

ಹಾಲ್ಬಾಯಿ ಹೀಗೆ ಮಾಡು. ಒಂದು ಲೋಟ ಅಕ್ಕಿ ನೆನೆಸಿ, ಅರ್ಧ ಕಾಯಿ ತುರಿ ಹಾಕಿ ನುಣ್ಣಗೆ ರುಬ್ಬು. ನಾನಾದರೆ ರಸವನ್ನು ಹತ್ತನೇ ಒಂದು ಪಾಲಿಗೆ ಇಳಿಸುತ್ತೇನೆ, ಆಗ ಅದು ಕಬ್ಬಿನ ಹಾಲಿನಷ್ಟೇ ಸಿಹಿ. ನಿನಗೆ ರಸ ಎಲ್ಲಿ ಸಿಗಬೇಕು? ಒಂದು ಲೋಟ ಸಿರಪ್ಪಿಗೆ ಮೂರು ಲೋಟ ನೀರು ಬೆರೆಸು, ಅಲ್ಲಿಗೇ ಬಂತು. ಹಿಟ್ಟು ಕದಡಿ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರು. ಫೋನ್ ನೋಡಬೇಡ, ತಳ ಹಿಡಿಯುತ್ತದೆ. ಪಾತ್ರೆ ಬಿಟ್ಟು ಮುದ್ದೆಯಾದಾಗ ತುಪ್ಪ ಸವರಿದ ತಟ್ಟೆಗೆ ಸುರಿ. ಪೂರ್ತಿ ಆರಿದ ಮೇಲೆ ಕತ್ತರಿಸು.

ಪಂಪ್ ಬೇಕೇ ಬೇಕು ಅಂದರೆ ಮುಂದಿನ ಮಾರ್ಚ್‌ಗೆ ರಜೆ ಹಾಕಿ ಬಾ. ಮೊಣಕಾಲುದ್ದ ಹಿಮದಲ್ಲಿ ಬಕೆಟ್ ಹೊರು, ರಾತ್ರಿ ಒಲೆ ಮುಂದೆ ಕೂರು. ಆಮೇಲೂ ಬೇಕು ಅನ್ನಿಸಿದರೆ ಸಾಲದ ಅರ್ಜಿಗೆ ಸಹಿ ನಿನ್ನದೇ.

ಏಪ್ರಿಲ್‌ನಲ್ಲಿ ಊರಿಗೆ ಹೋಗುವ ಪರಿಚಯದವರ ಹತ್ತಿರ ಎರಡು ತಗಡಿನ ಡಬ್ಬಿ ಕಳಿಸುತ್ತೇನೆ. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಡು, ಹೊರಗಿಟ್ಟರೆ ಬೂಷ್ಟು ಬರುತ್ತದೆ. ಅವರು ಜೂನ್‌ಗೆ ವಾಪಸ್ ಬರುತ್ತಾರೆ. ಅಪ್ಪೆಮಿಡಿ ಭರಣಿ ತಳ ಕಾಣುತ್ತಿದೆ. ಜೀರಿಗೆ ವಾಸನೆಯದೇ ಸಿಕ್ಕಿದರೆ ನೋಡು, ಸೋರದ ಹಾಗೆ ಎರಡು ಪ್ಲಾಸ್ಟಿಕ್ ಸುತ್ತಿ ಕೊಡು.

ನಿನ್ನ
ಅಮ್ಮ